ಕೂಸು ಹುಟ್ಟುವ ಮುಂಚೆ ಕುಲಾವಿ

ಈಗಿನ ಮಕ್ಕಳಿಗೆ ಪದವಿ ಎಂಬುದು ಊಟಕ್ಕೆ ಮುಂಚೆ ಹಾಕುವ ಎಲೆಯಷ್ಟೆ. ಬಡಿಸಬೇಕಾದದ್ದು ಬೇರೆಯೇ ಇರುತ್ತದೆ. ಬಿ.ಕಾಂ. ಆದವನಿಗೆ ಒಂದು ಕೋರ್ಸು, ಬಿ.ಇ. ಆದವಳಿಗೆ ಇನ್ನೊಂದು. ಈಗ ನಮ್ಮಂಥ ಊರುಗಳಿಗೂ ಬಂದಿಳಿದಿರುವ ಹೆಸರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಅದರ ಪರೀಕ್ಷೆ ಪಾಸು ಮಾಡಿದರೆ ಪಿ.ಎಂ.ಪಿ. ಎಂದು ಹೆಸರಿನ ಮುಂದೆ ಬರೆದುಕೊಳ್ಳಬಹುದಂತೆ.

ಹಾಗೆಂದರೇನು ಎಂದು ಕೇಳುವ ಗೆಳತಿಯರಿಗೆ ನಾನು ಹೇಳುವುದಿಷ್ಟು: ಮಗಳ ಮದುವೆ ಮಾಡಿದ್ದೀರಲ್ಲ, ಅದೇ. ಛತ್ರ ಸಿಗದೆ ದಿನ ಗೊತ್ತಾಗದು, ದಿನ ಗೊತ್ತಾಗದೆ ಲಗ್ನಪತ್ರಿಕೆ ಅಚ್ಚಿಗೆ ಹೋಗದು. ಆದರೆ ಅತ್ತಿಗೆಯ ರವಿಕೆ ನಾಲ್ಕು ದಿನ ತಡವಾದರೆ ಯಾವ ಮದುವೆಯೂ ನಿಲ್ಲದು. ಯಾವುದು ತಡವಾದರೆ ಎಲ್ಲವೂ ತಡ, ಯಾವುದು ತಡವಾದರೂ ಚಿಂತೆಯಿಲ್ಲ ಎಂಬ ಈ ಲೆಕ್ಕವನ್ನೇ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯವರು 'ಕ್ರಿಟಿಕಲ್ ಪಾತ್' ಎಂದು ಶಾಸ್ತ್ರವಾಗಿಸಿದರು. ಅದೇ ಸುಮಾರಿಗೆ ಅಲ್ಲಿಯ ನೌಕಾಪಡೆ ಪೋಲಾರಿಸ್ ಕ್ಷಿಪಣಿಯ ಕೆಲಸಕ್ಕೆ 'ಪರ್ಟ್' ಎಂಬ ಇಂಥದೇ ಕ್ರಮ ಕಂಡುಕೊಂಡಿತು. 1969ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಹುಟ್ಟಿತು. 1984ರಲ್ಲಿ ಅದರ ಪಿ.ಎಂ.ಪಿ. ಪರೀಕ್ಷೆ ಶುರುವಾಯಿತು.

ಹಾಗಾದರೆ ಹೆಂಗಸರಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ? ಬರೆದಿಡುವುದು ಇದೆ. ಭಾವನವರು ಶಾಮಿಯಾನದವನಿಗೆ "ಇನ್ನೊಂದು ಪೆಂಡಾಲ್ ಹಾಕ್ಬಿಡಪ್ಪ" ಎಂದು ಬಾಯಿಮಾತಿನಲ್ಲಿ ಹೇಳಿರುತ್ತಾರೆ. ಮದುವೆಯ ಮಾರನೆಯ ದಿನ ಅದು ಬಿಲ್ಲಾಗಿ ಬಂದಾಗ ಯಾರು ಹೇಳಿದ್ದು ಎಂದು ಯಾರಿಗೂ ನೆನಪಿರುವುದಿಲ್ಲ. ಕೆಲಸವೆಷ್ಟು, ಯಾರದು, ಯಾವಾಗ ಮುಗಿಯಬೇಕು, ಏನು ಕೆಟ್ಟೀತು, ನಡುವೆ ಬದಲಾದರೆ ಒಪ್ಪಿಗೆ ಯಾರದು, ಹಣ ಯಾರದು ಎಂದು ಮೊದಲೇ ಬರೆದಿಡುವ ಶಿಸ್ತೇ ಈ ವಿದ್ಯೆಯ ತಿರುಳು. ಆಸ್ಪತ್ರೆಯ ಕಟ್ಟಡವಿರಲಿ, ಬ್ಯಾಂಕಿನ ಸಾಫ್ಟ್‌ವೇರ್ ಇರಲಿ, ಲೆಕ್ಕ ಒಂದೇ.

ವಿದ್ಯೆ ಒಳ್ಳೆಯದೇ. ಅದನ್ನು ಮಾರುವ ರೀತಿಯೇ ನನಗೆ ಸರಿಬರುವುದಿಲ್ಲ. ಹೋದ ವರ್ಷ ನಮ್ಮ ಬೀದಿಯಲ್ಲಿ ಹೊಲಿಗೆ ಮಾಡುವಾಕೆ ಒಂದು ತರಬೇತಿ ಕೇಂದ್ರದ ಬಣ್ಣದ ಕಾಗದ ಹಿಡಿದು ಬಂದಳು. ಹಿಂದೆ ಮಗ. ಬಿ.ಕಾಂ. ಮುಗಿಸಿ ಎರಡು ತಿಂಗಳಾಗಿತ್ತು.

"ಮೇಡಂ, ಇದು ಮಾಡಿದ್ರೆ ಮ್ಯಾನೇಜರ್ ಆಗ್ತಾನಂತೆ. ಈ ಎರಡು ಬಳೆ ಅಡವಿಟ್ರೆ ಫೀಸಿಗೆ ಆಗುತ್ತೆ. ನೀವೊಂದ್ಸಲ ನೋಡಿ ಹೇಳಿ."

ಅವನ ಮೊಬೈಲಿನಲ್ಲೇ ಆ ಸಂಸ್ಥೆಯ ನಿಯಮ ತೆಗೆಸಿ ಓದಿಸಿದೆ. ಪದವೀಧರರಾದರೂ 36 ತಿಂಗಳು ಯೋಜನೆಗಳನ್ನು ಮುನ್ನಡೆಸಿದ ಅನುಭವ ಬೇಕು. ಜೊತೆಗೆ 35 ಗಂಟೆ ತರಬೇತಿ. ಹುಡುಗ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇದು ಇಲ್ಲಿ ಬರೆದೇ ಇಲ್ವಲ್ಲ ಮೇಡಂ" ಎಂದ. ಕೇಂದ್ರಕ್ಕೆ ಫೋನು ಮಾಡಿದರೆ, "ಸೇರಿಕೊಳ್ಳಲಿ, ಅನುಭವ ಆಮೇಲೆ ಆಗುತ್ತೆ" ಎಂಬ ಉತ್ತರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ! ಹೊಸಬರಿಗೆಂದೇ ಸಿ.ಎ.ಪಿ.ಎಂ. ಎಂಬ ಚಿಕ್ಕ ಪರೀಕ್ಷೆಯೂ ಇದೆ; ಅದಕ್ಕೆ ಅನುಭವ ಬೇಡ, 23 ಗಂಟೆಯ ಪಾಠ ಸಾಕು. ಆದರೆ ಅದು ಪಾಠ ಗೊತ್ತೆಂದು ಹೇಳುತ್ತದೆ, ಕೆಲಸ ಗೊತ್ತೆಂದು ಹೇಳುವುದಿಲ್ಲ. ಬಳೆ ಕೈಯಲ್ಲೇ ಉಳಿಯಿತು. ಹುಡುಗ ಈಗ ಒಬ್ಬ ಕಂಟ್ರಾಕ್ಟರರ ಬಳಿ ಸಿಮೆಂಟು, ಕಬ್ಬಿಣದ ಲೆಕ್ಕ ಬರೆಯುತ್ತಾನೆ. ಯಾವ ದಿನ ಯಾವ ಮಾಲು ಬರದೆ ಯಾವ ಕೆಲಸ ನಿಂತಿತೆಂಬುದು ಅವನಿಗೆ ಅಲ್ಲಿ ದಿನವೂ ಕಾಣುತ್ತದೆ.

ಅದೇ ಪರೀಕ್ಷೆ ನನ್ನ ಅಕ್ಕನ ಮಗಳಿಗೆ ಬೇರೆಯೇ ಆಗಿ ಒದಗಿತು. ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷ ಕೆಲಸ ನಡೆಸಿದವಳು ಅವಳು, ಹುದ್ದೆಯ ಹೆಸರು ಇನ್ನೊಬ್ಬರದು. ಹೆರಿಗೆಗೆಂದು ಎರಡು ವರ್ಷ ಮನೆಯಲ್ಲಿದ್ದು ಮತ್ತೆ ಹೊರಟಾಗ, ಹೋದಲ್ಲೆಲ್ಲ ಆ ಎರಡು ವರ್ಷದ್ದೇ ಪ್ರಶ್ನೆ. ಪರೀಕ್ಷೆಯ ಅರ್ಜಿಯಲ್ಲಿ ಯಾವ ಯೋಜನೆ, ಎಷ್ಟು ತಿಂಗಳು, ನೀನು ಮಾಡಿದ್ದೇನು ಎಂದು ಒಂದೊಂದಾಗಿ ಬರೆಯಬೇಕು. ಬರೆದು ಮುಗಿಸಿದ ರಾತ್ರಿ ಫೋನು ಮಾಡಿ, "ಚಿಕ್ಕಮ್ಮ, ಇಷ್ಟೆಲ್ಲ ನಾನೇ ಮಾಡಿದ್ದೀನಿ ಅಂತ ಇವತ್ತು ಗೊತ್ತಾಯ್ತು" ಎಂದಳು. ಮಗು ಮಲಗಿದ ಮೇಲೆ ಓದಿದಳು, ಪಾಸಾದಳು. ಕೆಲಸ ಕೊಡಿಸಿದ್ದು ಆ ಪತ್ರವೊಂದೇ ಎನ್ನಲಾರೆ. ತಾನು ಮಾಡಿದ್ದನ್ನು ತಲೆಯೆತ್ತಿ ಹೇಳುವುದು ಅವಳಿಗೆ ಬಂದಿತ್ತು. ಆ ಪತ್ರವೂ ಶಾಶ್ವತವಲ್ಲ. ಮೂರು ವರ್ಷಕ್ಕೊಮ್ಮೆ, ಕಲಿಕೆ ಮುಂದುವರಿಸಿದ್ದೇನೆಂದು ತೋರಿಸಿ ನವೀಕರಿಸಬೇಕು. ಇದು ನನಗೆ ಹಿಡಿಸಿತು. ನಮ್ಮ ಪದವಿಗಳನ್ನು ಒಮ್ಮೆ ಕಟ್ಟು ಹಾಕಿಸಿ ಗೋಡೆಗೇರಿಸಿದರೆ ಮತ್ತೆ ಕೇಳುವವರಿಲ್ಲ!

ಮನೆಯ ಮಕ್ಕಳು ಇಂಥ ಕಾಗದ ತಂದರೆ ಬೈಯಬೇಡಿ, ಕೂಡಲೇ ಹಣವನ್ನೂ ಎಣಿಸಬೇಡಿ. "ಇಲ್ಲಿಯವರೆಗೆ ನೀನು ಏನನ್ನು ನಡೆಸಿದ್ದೀಯ?" ಎಂದು ಕೇಳಿ. ಹೇಳಲು ಅವರಿಗೆ ಅರ್ಧ ಗಂಟೆ ಬೇಕಾದರೆ ಫೀಸು ಕಟ್ಟಬಹುದು. ತಲೆ ಕೆರೆದುಕೊಂಡರೆ, ಮುಂದಿನ ನಾಮಕರಣದ ಜವಾಬ್ದಾರಿಯನ್ನು ಒಂದು ನೋಟ್‌ಬುಕ್ಕಿನ ಸಮೇತ ಅವರಿಗೇ ಒಪ್ಪಿಸಿ.