ಡ್ವಾರ್ಫ್ ಬದಲಾದ ಸುದ್ದಿ ಯಾರಿಗೆ ಹೇಳಬೇಕು?

ಹೊಸ ಕಂಪೈಲರ್ ಬಿಡುಗಡೆಯಾಯಿತೆಂದರೆ ಕೋಡ್ ಮೊದಲಿಗಿಂತ ಎಷ್ಟು ಚುರುಕಾಗಿ ಓಡುತ್ತದೆ ಎಂದು ಕೇಳುವವರೇ ಬಹಳ. ಸಿ ಪ್ಲಸ್ ಪ್ಲಸ್‌ನ ಹೊಸ ಸೌಲಭ್ಯಗಳಲ್ಲಿ ಯಾವುವು ಬಂದಿವೆ ಎಂದು ನೋಡುವವರೂ ಇದ್ದಾರೆ. ನನ್ನ ಕಣ್ಣು ಹೋಗುವುದು ಡಿಬಗ್ಗಿಂಗ್ ಬಗ್ಗೆ ಏನು ಬರೆದಿದ್ದಾರೆ ಎಂಬುದರ ಕಡೆಗೆ. ಏನಾದರೊಂದು ಬರೆದೇ ಇರುತ್ತಾರೆ. ಎಲ್ಲಿ ಬರೆದಿದ್ದಾರೆ ಎಂಬುದನ್ನು ಮಾತ್ರ ಹುಡುಕಿಕೊಳ್ಳಬೇಕು. ರಿಲೀಸ್ ನೋಟ್ಸ್‌ನಲ್ಲಿ ಹೊಸ ಪ್ರೊಸೆಸರುಗಳಿಗೆ ಒಂದು ತಲೆಬರಹ, ಭಾಷೆಗಳಿಗೆ ಒಂದೊಂದು, ಎಚ್ಚರಿಕೆಯ ಸಂದೇಶಗಳಿಗೆ ಇನ್ನೊಂದು ಇರುತ್ತದೆ. ಡಿಬಗ್ಗಿಂಗ್ ಇವೆಲ್ಲದರ ನಡುವೆ ಅಲ್ಲೊಂದು ಸಾಲು, ಇಲ್ಲೊಂದು ಸಾಲಾಗಿ ಚದುರಿರುತ್ತದೆ.

2013ರಲ್ಲಿ ಬಂದ ಜಿಸಿಸಿ 4.8ನ್ನೇ ನೋಡಿ. ಡಿಬಗ್ ಮಾಡುವವರಿಗೆ ಅದರಲ್ಲಿ ಎರಡು ದೊಡ್ಡ ಸುದ್ದಿಗಳಿದ್ದವು. ಡಿಬಗ್ ಮಾಹಿತಿಯನ್ನು ಬರೆದಿಡುವ ಡ್ವಾರ್ಫ್ ಎಂಬ ನಮೂನೆ 2ನೇ ಆವೃತ್ತಿಯಿಂದ ಒಮ್ಮೆಗೇ 4ಕ್ಕೆ ಜಿಗಿದದ್ದು ಒಂದು. ಡಿಬಗ್ ಮಾಡುತ್ತಲೇ ಒಂದಿಷ್ಟು ವೇಗವೂ ಬೇಕೆನ್ನುವವರಿಗಾಗಿ ‘-ಓಜಿ’ ಎಂಬ ಹೊಸ ಆಪ್ಶನ್ ಬಂದದ್ದು ಇನ್ನೊಂದು. ಎರಡೂ ಸಿಗುವುದು ಆಪ್ಟಿಮೈಜರ್ ಸುಧಾರಣೆಗಳು ಎಂಬ ತಲೆಬರಹದ ಕೆಳಗೆ. ‘-ಓಜಿ’ ಅಲ್ಲಿರುವುದು ಸರಿಯೇ, ಅದೂ ಆಪ್ಟಿಮೈಜೇಶನ್ನಿನ ಒಂದು ಹಂತ ತಾನೆ. ಡ್ವಾರ್ಫ್ ಅಲ್ಲಿ ಯಾಕಿದೆ ಎಂದರೆ, ಅದಕ್ಕೆ ತನ್ನದೇ ಆದ ಜಾಗ ಇರಲಿಲ್ಲ ಎನ್ನುವುದರ ಹೊರತು ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಜಾಗ ಎಂಥದೇ ಇರಲಿ, ಆ ಸಾಲುಗಳನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ. ಇನ್ನು ಮುಂದೆ ಡ್ವಾರ್ಫ್ 4 ತಾನಾಗಿಯೇ ಬರುತ್ತದೆ ಎಂದಷ್ಟೇ ಹೇಳಿ ಅವರು ಕೈ ತೊಳೆದುಕೊಂಡಿಲ್ಲ. ಜಿಡಿಬಿ 7.5, ವಾಲ್‌ಗ್ರಿಂಡ್ 3.8.0, ಎಲ್ಫ್‌ಯುಟಿಲ್ಸ್ 0.154 ಇದನ್ನು ಓದಬಲ್ಲವು ಎಂದು ಹೆಸರು ಹಿಡಿದು ಹೇಳಿದ್ದಾರೆ. ಹಿಂದೆ ಯಾವ ಆವೃತ್ತಿ ಇತ್ತು, ಹಳೆಯದೇ ಬೇಕಾದರೆ ಯಾವ ಆಪ್ಶನ್ ಕೊಡಬೇಕು, ಡಾರ್ವಿನ್ ಮತ್ತು ವಿಎಕ್ಸ್‌ವರ್ಕ್ಸ್‌ಗಳಲ್ಲಿ ಮಾತ್ರ 2ನೇ ಆವೃತ್ತಿಯೇ ಮುಂದುವರಿಯುತ್ತದೆ ಎಂಬ ಮೂರು ಮಾತೂ ಅಲ್ಲೇ ಇವೆ. ಕಂಪೈಲರ್ ಬರೆದ ಡಿಬಗ್ ಮಾಹಿತಿಯನ್ನು ಕಂಪೈಲರ್ ಓದುವುದಿಲ್ಲ, ಬೇರೆಯವರು ಬರೆದ ಬೇರೆ ತಂತ್ರಾಂಶಗಳು ಓದುತ್ತವೆ. ಮದುವೆಯ ಛತ್ರ ಬದಲಾದರೆ ನೆಂಟರಿಗೆ ತಿಳಿಸಿದರೆ ಸಾಲದು, ಅಡುಗೆಯವರಿಗೂ ಓಲಗದವರಿಗೂ ಹೇಳಿ ಕಳಿಸಬೇಕು. ಡಿಬಗ್ ವಿಭಾಗದ ಟಿಪ್ಪಣಿ ಉಳಿದ ಟಿಪ್ಪಣಿಗಳಿಗಿಂತ ಬೇರೆಯಾಗುವುದು ಇಲ್ಲಿಯೇ, ಅದನ್ನು ಜೋಡಿಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದೂ ಇದನ್ನೇ.

ಡ್ವಾರ್ಫ್ ಎಂದೆನಲ್ಲ, ಅದರ ಕತೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಅದು ಹುಟ್ಟಿದ್ದು 1980ರ ದಶಕದಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಯುನಿಕ್ಸ್ ಸಿಸ್ಟಂ ಫೈವ್‌ನ ಕೆಲಸ ನಡೆಯುತ್ತಿದ್ದಾಗ. 3ನೇ ಆವೃತ್ತಿ 2005ರಲ್ಲಿ, 4ನೇದು 2010ರಲ್ಲಿ, 5ನೇದು 2017ರಲ್ಲಿ ಬಂದವು. ನಾವು ‘-ಜಿ’ ಹಾಕಿ ಕಂಪೈಲ್ ಮಾಡಿದಾಗ ಬೈನರಿಯೊಳಗೆ ಸೇರಿಕೊಳ್ಳುವುದು ಇದೇ. ಯಂತ್ರದ ಯಾವ ಆದೇಶ ನಮ್ಮ ಕಡತದ ಎಷ್ಟನೇ ಸಾಲಿನಿಂದ ಬಂತು ಎಂಬ ಲೆಕ್ಕ ಇದರಲ್ಲಿರುತ್ತದೆ. ಆ ಲೆಕ್ಕವನ್ನು ಉದ್ದನೆಯ ಪಟ್ಟಿಯಾಗಿ ಇಟ್ಟರೆ ವಿಪರೀತ ಜಾಗ ತಿನ್ನುತ್ತದೆಂದು, ಓಡಿಸಿದರೆ ಪಟ್ಟಿಯನ್ನು ಹುಟ್ಟಿಸುವ ಪುಟ್ಟ ಪ್ರೋಗ್ರಾಮಿನ ರೂಪದಲ್ಲಿ ಇಟ್ಟಿರುತ್ತಾರೆ. ಡಿಬಗ್ಗರ್ ಅದನ್ನು ಓಡಿಸಿ ಪಟ್ಟಿ ಮಾಡಿಕೊಳ್ಳುತ್ತದೆ. ಎಷ್ಟು ಚೆಂದದ ಉಪಾಯ!

ವೇರಿಯಬಲ್‌ಗಳದು ಇನ್ನೂ ಸೂಕ್ಷ್ಮ. ‘ಮೊತ್ತ’ ಎಂಬ ವೇರಿಯಬಲ್ ಇದೆಯೆನ್ನಿ. ‘-ಓ2’ ಹಾಕಿದ ಮೇಲೆ ಅದು ಒಂದೇ ಕಡೆ ಕೂತಿರುವುದಿಲ್ಲ. ಫಂಕ್ಷನ್ನಿನ ಮೊದಲ ಕೆಲವು ಆದೇಶಗಳ ತನಕ ಒಂದು ರಿಜಿಸ್ಟರಿನಲ್ಲಿ, ಆಮೇಲೆ ಸ್ಟ್ಯಾಕಿನಲ್ಲಿ, ಮತ್ತೆ ಇನ್ನೊಂದು ರಿಜಿಸ್ಟರಿನಲ್ಲಿ ಇರುತ್ತದೆ. ಕೊನೆಗೆ ಅದರ ಅಗತ್ಯವೇ ತೀರಿದಾಗ ಎಲ್ಲಿಯೂ ಇರುವುದಿಲ್ಲ. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಅದು ಎಲ್ಲಿದೆ ಎಂಬ ಪಟ್ಟಿ ಡ್ವಾರ್ಫ್‌ನಲ್ಲಿ ಇರಬೇಕು. ಆ ಪಟ್ಟಿಯಲ್ಲಿ ಸಂದು ಬಿದ್ದ ಜಾಗದಲ್ಲಿ ನಿಂತು ನೀವು ಜಿಡಿಬಿಯಲ್ಲಿ ‘ಪ್ರಿಂಟ್ ಮೊತ್ತ’ ಎಂದರೆ ‘ಆಪ್ಟಿಮೈಜ್ಡ್ ಔಟ್’ ಎಂಬ ಉತ್ತರ ಬರುತ್ತದೆ. ಕ್ರ್ಯಾಶ್ ಆದ ಪ್ರೋಗ್ರಾಮಿನ ಎದುರು ಕೂತವರಿಗೆ ಆ ಉತ್ತರ ಎಷ್ಟು ಸಂಕಟದ್ದೆಂದು ಅನುಭವಿಸಿದವರೇ ಬಲ್ಲರು. ಒಂದು ಕಂಪೈಲರ್ ಆವೃತ್ತಿ ಆ ಉತ್ತರವನ್ನು ಹತ್ತು ಕಡೆ ಕಡಿಮೆ ಮಾಡಿದ್ದರೂ ಅದು ನನಗೆ ಮೊದಲ ಪುಟದ ಸುದ್ದಿ.

ಆದರೆ ಅಂಥ ಸುದ್ದಿ ಟಿಪ್ಪಣಿಗೆ ಬರುವುದು ಹೇಗೆ? ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯಲ್ಲಿ ಒಂದು ಪ್ಯಾಚ್ ಸೇರಿತು, ಅದರ ತಲೆಬರಹ ‘ಇನ್‌ಸ್ಟ್‌ಕಂಬೈನ್: ಅಳಿಸುವ ಆದೇಶಕ್ಕೆ ಸಾಲ್ವೇಜ್ ಡಿಬಗ್ ಇನ್ಫೋ ಕರೆಯಿರಿ’ ಎಂದಿದೆ ಎಂದಿಟ್ಟುಕೊಳ್ಳಿ. ಪ್ಯಾಚ್ ಪರಿಶೀಲಿಸುವವರಿಗೆ ಇಷ್ಟು ಸಾಕು. ಬೇಡದ ಆದೇಶವೊಂದನ್ನು ಅಳಿಸುವಾಗ, ಅದನ್ನು ನಂಬಿದ್ದ ವೇರಿಯಬಲ್ಲಿನ ಬೆಲೆಯನ್ನು ಉಳಿದಿರುವ ಬೇರೊಂದು ಬೆಲೆಯಿಂದ ಲೆಕ್ಕಹಾಕುವ ಸೂತ್ರವಾಗಿ ಬರೆದು ಉಳಿಸಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತು. ಇದೇ ಸಾಲನ್ನು ರಿಲೀಸ್ ನೋಟ್ಸ್‌ಗೆ ಎತ್ತಿ ಹಾಕಿದರೆ ಡಿಬಗ್ಗರ್ ಬಳಸುವ ಮನುಷ್ಯನಿಗೆ ಏನೂ ದಕ್ಕುವುದಿಲ್ಲ. ‘-ಓ2 ಹಾಕಿದಾಗ ಆಪ್ಟಿಮೈಜ್ಡ್ ಔಟ್ ಎಂದು ತೋರಿಸುತ್ತಿದ್ದ ಕೆಲವು ಪೂರ್ಣಾಂಕ ವೇರಿಯಬಲ್‌ಗಳ ಬೆಲೆ ಇನ್ನು ಕಾಣುತ್ತದೆ; ಡಿಬಗ್ ಮಾಹಿತಿ ತುಸು ದೊಡ್ಡದಾಗಬಹುದು’ ಎಂದು ಬರೆದರೆ ದಕ್ಕುತ್ತದೆ. ಎರಡನೆಯ ಸಾಲು ಬರೆಯಲು ಪ್ಯಾಚ್ ಬರೆದವರೇ ಬೇಕು, ಅದೂ ಪ್ಯಾಚ್ ಸೇರಿಸುವ ಹೊತ್ತಿಗೇ. ಆರು ತಿಂಗಳು ಕಳೆದು, ಬಿಡುಗಡೆಯ ಹಿಂದಿನ ವಾರ ಬೇರೆ ಯಾರೋ ಸಾವಿರಾರು ಕಮಿಟ್‌ಗಳ ಪಟ್ಟಿ ಹಿಡಿದು ಕೂತರೆ ಅವರ ಕೈಯಿಂದ ಬರುವುದು ‘ಡಿಬಗ್ ಮಾಹಿತಿಯಲ್ಲಿ ಹಲವು ಸುಧಾರಣೆಗಳು’ ಎಂಬ ಸಾಲು. ಅದನ್ನು ಬರೆಯದೆ ಇದ್ದರೂ ನಡೆಯುತ್ತದೆ.

ಬರೆಯುವವರು ಹೆಚ್ಚಾದರೆ ಬೇರೆ ತೊಡಕು. ಎಲ್ಲರೂ ಒಂದೇ ಕಡತದ ಒಂದೇ ಭಾಗದ ಕೊನೆಗೆ ತಮ್ಮ ಸಾಲು ಸೇರಿಸಲು ಹೋಗಿ ಮರ್ಜ್ ಕಾನ್‌ಫ್ಲಿಕ್ಟ್ ಮೇಲೆ ಮರ್ಜ್ ಕಾನ್‌ಫ್ಲಿಕ್ಟ್. ಪೈಥಾನ್‌ನವರು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಪ್ರತಿ ಬದಲಾವಣೆಗೂ ಒಂದು ಚಿಕ್ಕ ಪ್ರತ್ಯೇಕ ಕಡತ, ಬಿಡುಗಡೆಯ ದಿನ ಒಂದು ಸಲಕರಣೆ ಎಲ್ಲವನ್ನೂ ವಿಭಾಗವಾರು ಕೂಡಿಸುತ್ತದೆ. ಗೋ ಭಾಷೆಯವರೂ ಈಚೆಗೆ ಇದೇ ರೀತಿಗೆ ಬಂದರು. ಕಡತ ಸೇರಿಸುವಾಗಲೇ ಇದು ಯಾವ ವಿಭಾಗದ್ದೆಂದು ಬರೆದವರು ಯೋಚಿಸಬೇಕಾಗುತ್ತದೆ ಎಂಬುದು ಈ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು.

ವಿಭಾಗ ಎಂದ ಕೂಡಲೆ ಎಲ್‌ಎಲ್‌ವಿಎಂ ವಿಚಾರಕ್ಕೆ ಮತ್ತೆ ಬರಬೇಕು. ಅಲ್ಲಿ ‘ಡಿಬಗ್ ಇನ್ಫೋ ಬದಲಾವಣೆಗಳು’ ಎಂಬ ತಲೆಬರಹವೇ ಉಂಟು, ಎಲ್‌ಎಲ್‌ಡಿಬಿ ಡಿಬಗ್ಗರಿಗೂ ಒಂದುಂಟು. ಇಷ್ಟಿದ್ದರೂ ಪೂರ್ತಿ ಚಿತ್ರ ಒಂದು ಕಡೆ ಸಿಗುವುದಿಲ್ಲ. ಅದೇ ಯೋಜನೆಯ ಸಿ, ಸಿ ಪ್ಲಸ್ ಪ್ಲಸ್ ಕಂಪೈಲರ್ ಆದ ಕ್ಲ್ಯಾಂಗ್‌ನ ಆಪ್ಶನ್‌ಗಳು ಕ್ಲ್ಯಾಂಗ್‌ನ ಟಿಪ್ಪಣಿಯಲ್ಲಿ, ಲಿಂಕರಿನದು ಲಿಂಕರಿನ ಟಿಪ್ಪಣಿಯಲ್ಲಿ. 2022ರಲ್ಲಿ ಕ್ಲ್ಯಾಂಗ್ 14 ಡ್ವಾರ್ಫ್ 5ಕ್ಕೆ ಹೋದಾಗ ಆ ಸುದ್ದಿ ಇದ್ದದ್ದು ಕ್ಲ್ಯಾಂಗ್‌ನಲ್ಲಿ. ಹಳೆಯದಕ್ಕೆ ಹಿಂತಿರುಗುವ ಆಪ್ಶನ್ ಯಾವುದು, ಯಾವ ವೇದಿಕೆಗಳು ಈ ಬದಲಾವಣೆಯಿಂದ ಹೊರಗೆ ಎಂಬುದನ್ನೆಲ್ಲ ಅಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. 2024ರ ಎಲ್‌ಎಲ್‌ವಿಎಂ 19ರಲ್ಲಿ, ವೇರಿಯಬಲ್‌ಗಳ ಜಾಡು ಇಡಲು ಆದೇಶಗಳ ನಡುವೆ ತುರುಕುತ್ತಿದ್ದ ಇಂಟ್ರಿನ್ಸಿಕ್‌ಗಳನ್ನು ಬಿಟ್ಟು ಡಿಬಗ್ ರೆಕಾರ್ಡ್ ಎಂಬ ಹೊಸ ರೂಪಕ್ಕೆ ಬಂದ ಸುದ್ದಿ ಎಲ್‌ಎಲ್‌ವಿಎಂನಲ್ಲಿ. ಎರಡೂ ಡಿಬಗ್ಗಿನವೇ, ಓದುಗರು ಮಾತ್ರ ಬೇರೆ ಬೇರೆ. ಮೊದಲನೆಯದು ಪ್ರೋಗ್ರಾಂ ಬರೆದು ಡಿಬಗ್ ಮಾಡುವವರಿಗೆ. ಎರಡನೆಯದು ರಸ್ಟ್, ಸ್ವಿಫ್ಟ್, ಜೂಲಿಯಾಗಳಂತೆ ಎಲ್‌ಎಲ್‌ವಿಎಂ ಮೇಲೆ ತಮ್ಮ ಕಂಪೈಲರ್ ಕಟ್ಟಿಕೊಂಡವರಿಗೆ. ಬೆಂಗಳೂರಿನ ಚಿಪ್ ಕಂಪನಿಗಳ ಕಂಪೈಲರ್ ತಂಡಗಳಲ್ಲಿ ಕೆಲಸ ಮಾಡುವವರು ಈ ಎರಡೂ ಬಗೆಯ ಓದುಗರು ತಾವೇ ಆಗಿರುತ್ತಾರೆ: ಬೆಳಿಗ್ಗೆ ಕಂಪೈಲರಿನೊಳಗೆ ಕೈಯಿಟ್ಟವರು ಸಂಜೆ ಅದೇ ಕಂಪೈಲರ್ ಕೊಟ್ಟ ಬೈನರಿಯನ್ನು ಡಿಬಗ್ಗರಿನಲ್ಲಿ ಬಿಚ್ಚುತ್ತಾರೆ. ಅವರಿಗೂ ಕೂಡ, ಯಾವ ಸಾಲು ಯಾವ ಹೊತ್ತಿನ ಕೆಲಸಕ್ಕೆ ಎಂದು ಬೇರ್ಪಡಿಸಿ ಕೊಟ್ಟರೆ ಅನುಕೂಲವೇ.

ಸಾಲುಗಳನ್ನು ಕೋಡಿನ ಫೋಲ್ಡರ್ ನೋಡಿ ಹಂಚುವುದಕ್ಕಿಂತ ಓದುಗರ ಕೆಲಸ ನೋಡಿ ಹಂಚಬೇಕೆನ್ನುವುದು ನನ್ನ ಪಕ್ಷ. ಅದರಲ್ಲೂ ಸದ್ದಿಲ್ಲದೆ ಕೆಡುವಂಥವು ಎಲ್ಲಕ್ಕಿಂತ ಮೇಲೆ ಬರಬೇಕು. 2021ರ ಕ್ಲ್ಯಾಂಗ್ 12ರಲ್ಲಿ ‘-ಜಿಸ್ಪ್ಲಿಟ್-ಡ್ವಾರ್ಫ್’ ಎಂಬ ಆಪ್ಶನ್ ತನ್ನಷ್ಟಕ್ಕೆ ಡಿಬಗ್ ಮಾಹಿತಿಯನ್ನು ಹುಟ್ಟಿಸುವುದನ್ನು ನಿಲ್ಲಿಸಿತು. ಜೊತೆಗೆ ‘-ಜಿ’ಯನ್ನೂ ಕೊಡಬೇಕು. ಬದಲಾವಣೆ ನ್ಯಾಯವಾದದ್ದೇ, ಮಾಹಿತಿಯನ್ನು ಬೇರೆ ಕಡತಕ್ಕೆ ಹಾಕು ಎನ್ನುವುದೂ ಮಾಹಿತಿ ಬೇಕು ಎನ್ನುವುದೂ ಎರಡು ಬೇರೆ ಮಾತು. ಆದರೆ ಹಳೆಯ ಮೇಕ್‌ಫೈಲ್ ಇಟ್ಟುಕೊಂಡವರಿಗೆ ಏನಾಗುತ್ತದೆ ನೋಡಿ. ಕಂಪೈಲ್ ಸಲೀಸಾಗಿ ಮುಗಿಯುತ್ತದೆ. ಎರರ್ ಇಲ್ಲ. ಪ್ರೋಗ್ರಾಂ ಓಡುತ್ತದೆ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಒಂದು ದಿನ ಗಿರಾಕಿಯ ಕಡೆಯಿಂದ ಕೋರ್ ಡಂಪ್ ಬಂದು, ತೆರೆದು ನೋಡಿದರೆ ಸಾಲಿನ ಸಂಖ್ಯೆಯೂ ಇಲ್ಲ, ವೇರಿಯಬಲ್ಲೂ ಇಲ್ಲ. ಡಿಬಗ್ಗಿಂಗಿನ ಬದಲಾವಣೆಗಳು ಹೀಗೆ ತಡವಾಗಿ, ಅತ್ಯಂತ ಕೆಟ್ಟ ಗಳಿಗೆಯಲ್ಲಿ ಕೈಕೊಡುತ್ತವೆ. ಕ್ಲ್ಯಾಂಗ್‌ನವರು ಈಚಿನ ವರ್ಷಗಳಲ್ಲಿ ‘ಹಳೆಯ ಕೋಡಿಗೆ ತೊಂದರೆ ಕೊಡಬಹುದಾದ ಬದಲಾವಣೆಗಳು’ ಎಂಬರ್ಥದ ವಿಭಾಗವನ್ನು ಟಿಪ್ಪಣಿಯ ಆರಂಭದಲ್ಲೇ ಇಡುತ್ತಿದ್ದಾರೆ. ಡಿಬಗ್ಗಿನ ಇಂಥ ಸಾಲುಗಳಿಗೆ ಅಲ್ಲಿ ಜಾಗ ಸಿಗಲೇಬೇಕು, ಡಿಬಗ್ ವಿಭಾಗದಲ್ಲಿ ಮತ್ತೊಮ್ಮೆ ಬಂದರೂ ಅಡ್ಡಿಯಿಲ್ಲ.

ಗ್ನೂ ಯೋಜನೆಯ ಕೋಡಿಂಗ್ ನಿಯಮಗಳಲ್ಲಿ ‘ನ್ಯೂಸ್’ ಎಂಬ ಕಡತದ ಬಗ್ಗೆ ಒಂದು ಮಾತಿದೆ. ಹೊಸ ಸುದ್ದಿಯನ್ನು ಮೇಲೆ ಸೇರಿಸುತ್ತ ಹೋಗಿ, ಹಳೆಯದನ್ನು ಕಿತ್ತು ಹಾಕಬೇಡಿ, ಯಾವ ಹಳೆಯ ಆವೃತ್ತಿಯಿಂದ ಬಂದವರಿಗೂ ನಡುವೆ ಏನೇನು ಬದಲಾಯಿತೆಂದು ಕಾಣಬೇಕು ಎಂದು. ಜಿಡಿಬಿಯ ನ್ಯೂಸ್ ಕಡತ ಹೀಗೆಯೇ ಬೆಳೆದು ಬಂದಿದೆ. ಕಂಪೈಲರುಗಳಲ್ಲಿ ಆವೃತ್ತಿಗೊಂದು ಬೇರೆ ಪುಟ. ಅದರ ಪರಿಣಾಮ ಉಬುಂಟು ಬಳಸುವವರಿಗೆ ಗೊತ್ತು. 22.04ರಲ್ಲಿ ಬಂದದ್ದು ಜಿಸಿಸಿ 11, 24.04ರಲ್ಲಿ ಜಿಸಿಸಿ 13. ನಡುವಿನ 12ನ್ನು ಎಷ್ಟೋ ಜನ ಕಣ್ಣಿನಿಂದ ನೋಡಿಯೇ ಇಲ್ಲ. ಸ್ಟ್ಯಾಬ್ಸ್ ಎಂಬ ಹಳೆಯ ಡಿಬಗ್ ನಮೂನೆಯನ್ನು ಮುಂದಿನ ಬಿಡುಗಡೆಯಲ್ಲಿ ತೆಗೆಯುತ್ತೇವೆ ಎಂದು ಮೊದಲೇ ಎಚ್ಚರಿಸಿದ್ದು ಆ 12ರಲ್ಲಿ, ತೆಗೆದದ್ದು 13ರಲ್ಲಿ. ಎಂಐಟಿಯ ಆಪರೇಟಿಂಗ್ ಸಿಸ್ಟಂ ತರಗತಿಗಾಗಿ ಮಾಡಿದ ಜಾಸ್ ಎಂಬ ಪುಟ್ಟ ಕರ್ನಲ್ ಇದೆ. ಅದರ ಮೇಕ್‌ಫೈಲಿನಲ್ಲಿ ‘-ಜಿಸ್ಟ್ಯಾಬ್ಸ್’ ಇರುವುದಷ್ಟೇ ಅಲ್ಲ, ಬ್ಯಾಕ್‌ಟ್ರೇಸ್‌ನಲ್ಲಿ ಕಡತದ ಹೆಸರು, ಸಾಲಿನ ಸಂಖ್ಯೆ ತೋರಿಸಲು ಕರ್ನಲ್ ತಾನೇ ಸ್ಟ್ಯಾಬ್ಸ್ ಓದುತ್ತದೆ. ಅದನ್ನು ಇಟ್ಟುಕೊಂಡು ಕಲಿಯುವ ವಿದ್ಯಾರ್ಥಿ 22.04ರಿಂದ 24.04ಕ್ಕೆ ಹೋದರೆ, ಎಚ್ಚರಿಕೆ ಕೊಟ್ಟ ಪುಟವನ್ನು ದಾಟಿ ನೇರವಾಗಿ ತೆಗೆದುಹಾಕಿದ ಪುಟಕ್ಕೆ ಬಂದು ನಿಲ್ಲುತ್ತಾನೆ. ಹಾಗಾಗಿ ತೆಗೆದುಹಾಕಿದ ಸುದ್ದಿಯ ಸಾಲಿನಲ್ಲಿಯೇ, ಯಾವ ಆವೃತ್ತಿಯಲ್ಲಿ ಮುನ್ಸೂಚನೆ ಕೊಟ್ಟಿದ್ದೆವು, ಅದರ ಬದಲಿಗೆ ಇನ್ನು ಏನು ಬಳಸಬೇಕು, ಹಳೆಯದನ್ನೇ ಬಿಡಲಾಗದವರು ಯಾವ ಕಂಪೈಲರಿನಲ್ಲಿ ನಿಲ್ಲಬೇಕು ಎಂಬುದನ್ನೂ ಬರೆದುಬಿಡಬೇಕು. ಎರಡು ಸಾಲು ಹೆಚ್ಚಾದೀತು, ಆಗಲಿ.