ಹಾವಿನ ಬಾಲದ ಲೆಕ್ಕ

ಗಣಿತದ ಮೇಷ್ಟ್ರುಗಳ ಒಂದು ಗುಟ್ಟು ಹೇಳಿಬಿಡುತ್ತೇನೆ. ನಮ್ಮಲ್ಲಿ ಮೊದಲು ಹುಟ್ಟುವುದು ಉತ್ತರ, ಪ್ರಶ್ನೆ ಆಮೇಲೆ. ಬಾವಿ 6 ದಿನದಲ್ಲಿ ಮುಗಿಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡು, 12 ಆಳುಗಳು 8 ದಿನದಲ್ಲಿ ತೋಡುವ ಬಾವಿಗೆ 16 ಆಳುಗಳನ್ನು ಇಳಿಸುತ್ತೇವೆ. ಹದಿನೇಳನೆಯವನು ಎಷ್ಟೇ ಬೇಡಿಕೊಂಡರೂ ಅವನಿಗೆ ಕೂಲಿ ಇಲ್ಲ. ಅವನು ಇಳಿದರೆ ಉತ್ತರ ಐದೂ ಚಿಲ್ಲರೆ ದಿನವಾಗಿ, ಸರಿಯಾಗಿ ಮಾಡಿದ ಮಕ್ಕಳೂ ಹೊಡೆದುಹಾಕಿ ಮತ್ತೆ ಮಾಡುತ್ತಾರೆ. ಪ್ರಶ್ನೆಪತ್ರಿಕೆ ತಯಾರಿಸುತ್ತಲೇ ತಲೆ ನರೆತ ನನಗೆ ಇದು ಚೆನ್ನಾಗಿ ಗೊತ್ತು.

ಈ ಕಸುಬಿನಲ್ಲಿ ನಮ್ಮ ನಾಡಿನ ಹಿರಿಯಜ್ಜ ಮಹಾವೀರಾಚಾರ್ಯ. 9ನೇ ಶತಮಾನದವನು. ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಅದರಲ್ಲೊಂದು ಹಾವಿದೆ. ಅದು ದಿನದ 5/14 ಭಾಗದಲ್ಲಿ ಏಳೂವರೆ ಅಂಗುಲದಂತೆ ಬಿಲದೊಳಗೆ ಸರಿಯುತ್ತದೆ. ಅಷ್ಟಾದರೆ ಸರಿ; ಕಾಲು ದಿನಕ್ಕೆ ಎರಡೂಮುಕ್ಕಾಲು ಅಂಗುಲದಂತೆ ಅದರ ಬಾಲವೂ ಬೆಳೆಯುತ್ತದೆ! ಹಾವು ಪೂರ್ತಿ ಒಳಗೆ ಹೋಗುವುದು ಯಾವಾಗ?

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗಳ ಮುಂದೆ ಇದನ್ನಿಟ್ಟೆ.

“ಬಾಲ ಯಾಕೆ ಬೆಳೆಯುತ್ತೆ ಮಾಮ?”

“ಮೊದಲು ಒಳಗೆ ಹೋಗಲಿ, ಆಮೇಲೆ ವಿಚಾರಿಸೋಣ” ಎಂದೆ.

ತಲೆ, ಬಾಲ ಎರಡನ್ನೂ ಒಟ್ಟಿಗೆ ಹಿಡಿಯಬಾರದು, ಲೆಕ್ಕದಲ್ಲೂ ಹಾಗೆಯೇ. ಮೊದಲ ಹಂತ, ಒಂದು ದಿನಕ್ಕೆ ಎಷ್ಟು ಒಳಗೆ ಹೋಯಿತು? 15/2ನ್ನು 14/5ರಿಂದ ಗುಣಿಸಿದಳು: 21 ಅಂಗುಲ. ಎರಡನೆಯದು, ಒಂದು ದಿನಕ್ಕೆ ಬಾಲ ಎಷ್ಟು ಬೆಳೆಯಿತು? 11/4ರ ನಾಲ್ಕು ಪಟ್ಟು, 11 ಅಂಗುಲ. ಮೂರನೆಯದು, 21ರಲ್ಲಿ 11 ಕಳೆದರೆ 10. ಇನ್ನು ಹಾವಿನ ಉದ್ದವನ್ನು 10ರಿಂದ ಭಾಗಿಸಿದರಾಯಿತು. ಹುಡುಗಿ ಪೆನ್ಸಿಲು ಕೆಳಗಿಟ್ಟು, “ಮಾಮ, ಅವರು 10 ಬರಲಿ ಅಂತಲೇ ಮಾಡಿದಾರೆ!” ಎಂದಳು. ಸಾವಿರ ವರ್ಷಕ್ಕೂ ಹಳೆಯ ಗುಟ್ಟನ್ನು ಪತ್ತೆ ಹಚ್ಚಿಬಿಟ್ಟಿದ್ದಳು. ಆಚಾರ್ಯ ಹತ್ತರಿಂದ ಹೊರಟು ಭಿನ್ನರಾಶಿಯ ಪೊದೆಯವರೆಗೆ ನಡೆದಿದ್ದ. ಇವಳು ಅದೇ ದಾರಿಯಲ್ಲಿ ವಾಪಸು ನಡೆದಿದ್ದಳು.

ದಾರಿ ಆಚಾರ್ಯನಿಗಿಂತಲೂ ಹಳೆಯದು. ತಿಳಿದ ಮೂರರಿಂದ (ಪ್ರಮಾಣ, ಅದಕ್ಕೆ ಸಿಕ್ಕ ಫಲ, ಫಲ ತಿಳಿಯಬೇಕಾದ ಇಚ್ಛೆ) ತಿಳಿಯದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕವನ್ನು 499ರಲ್ಲೇ ಆರ್ಯಭಟ ಹೇಳಿದ್ದ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಇಂಥ ಲೆಕ್ಕಗಳಿಗೆ ಕನ್ನಡದಲ್ಲೇ ಜಾಗ ಮಾಡಿಕೊಟ್ಟ.

ಪುಸ್ತಕದಾಚೆಯ ಲೆಕ್ಕಗಳಿಗೆ ಮಾತ್ರ ಇಂಥ ಕರುಣಾಳು ಕರ್ತೃ ಇರುವುದಿಲ್ಲ. ಅದೇ ರಜೆಯಲ್ಲಿ ನನ್ನ ತಮ್ಮ ಮನೆಸಾಲದ ಕಾಗದ ಹಿಡಿದು ಬಂದ. 10 ಲಕ್ಷ ಸಾಲ, ವರ್ಷಕ್ಕೆ ಶೇ. 9 ಬಡ್ಡಿ, 20 ವರ್ಷ, ತಿಂಗಳ ಕಂತು ಸುಮಾರು 9,000 ರೂಪಾಯಿ. “ವರ್ಷವಿಡೀ ಕಟ್ಟಿದೀನಿ, ಅಸಲು ಕರಗೇ ಇಲ್ವಲ್ಲ ಅಣ್ಣ” ಅಂದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕಾಗದ ಎಳೆದುಕೊಂಡಳು. ವರ್ಷದ ಬಡ್ಡಿ 90,000, ಹನ್ನೆರಡರಿಂದ ಭಾಗಿಸಿದರೆ ಮೊದಲ ತಿಂಗಳಿಗೆ 7,500. ಕಂತಿನಲ್ಲಿ ಅದನ್ನು ಕಳೆದರೆ ಅಸಲಿಗೆ ಸಂದದ್ದು ಬರೀ 1,500.

“ಚಿಕ್ಕಮಾಮ, ನಿಮ್ಮ ಹಾವಿಗೂ ಬಾಲ ಬೆಳೀತಿದೆ” ಎಂದಳು.

ತಮ್ಮನಿಗೆ ಅರ್ಥವಾಗಲಿಲ್ಲ. ಎದುರಿಗೆ ಕೂರಿಸಿಕೊಂಡು, ಒಂದೊಂದೇ ಹಂತವಾಗಿ, ಅವಳೇ ಹೇಳಿಕೊಟ್ಟಳು. ಕೊನೆಯ ಹಂತದ ಹೊತ್ತಿಗೆ ಅವನು ಕೈಯಲ್ಲಿ ಹಣವಾದಾಗಲೆಲ್ಲ ಒಂದಷ್ಟು ಹೆಚ್ಚಿಗೆ ಕಟ್ಟುವ ತೀರ್ಮಾನಕ್ಕೆ ಬಂದಿದ್ದ. ಪೂರ್ಣಾಂಕ ಕೊಡಲು ಜೀವನದಲ್ಲಿ ಯಾರೂ ಕೂತಿಲ್ಲ, ನಿಜ. ಆದರೆ ಹಂತಗಳು ಅಲ್ಲಿಯೂ ನಡೆಯುತ್ತವೆ.