22 ಮೀಟರ್

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗೋವಾಗ ಎರಡು ಸೆಕೆಂಡು ಕಣ್ಣು ಕೆಳಗೆ ಹಾಕಿದರೆ ಬೈಕು 22 ಮೀಟರ್ ಮುಂದೆ ಹೋಗಿರುತ್ತೆ. ಹೈಸ್ಕೂಲ್ ಲೆಕ್ಕ. ಬಿಇ ಮಾಡಿ, ಹತ್ತು ವರ್ಷ ಕೋಡ್ ಬರೆದ ನಾನು ಈ ಲೆಕ್ಕ ಹಾಕಿದ್ದು ಬಿದ್ದು ಎದ್ದ ಮೇಲೆ.

ಜುಲೈ ತಿಂಗಳು. ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಮಾಮೂಲಿ ಶಿವಮೊಗ್ಗದ ದಾರಿ ಬಿಟ್ಟು, ಕಾಡು ನೋಡ್ಕೊಂಡು ಹೋಗೋಣ ಅಂತ ಎನ್.ಆರ್. ಪುರ, ಕೊಪ್ಪದ ಕಡೆ ತಿರುಗಿದ್ದೆ. ಫೋನು ಹ್ಯಾಂಡಲ್ ಮೇಲೆ, ಅದಕ್ಕೊಂದು ಪ್ಲಾಸ್ಟಿಕ್ ಕವರು. ಮಲೆನಾಡಿನ ಮಳೆ ಹನಿಗಳು ಪರದೆ ಮೇಲೆ ಬೆರಳಿನ ಹಾಗೇ ಕುಟ್ಟೋಕೆ ಶುರು ಮಾಡಿದವು. ಮ್ಯಾಪು ತಾನೇ ಹಿಗ್ಗಿತು, ಕುಗ್ಗಿತು, ಕೊನೆಗೆ ಅರಬ್ಬೀ ಸಮುದ್ರ ತೋರಿಸ್ತಾ ನಿಂತಿತು. ಗ್ಲೌಸ್ ಹಾಕಿದ ಬೆರಳಿಗೆ ಮಾತ್ರ ಅದು ಜಪ್ಪಯ್ಯ ಅನ್ನಲಿಲ್ಲ. ಗ್ಲೌಸನ್ನ ಹಲ್ಲಲ್ಲಿ ಕಚ್ಚಿ ಎಳೀತಿದ್ದೆ. ತಲೆ ಎತ್ತಿದಾಗ ತಿರುವು ಎದುರಿಗೇ ಇತ್ತು, ರಸ್ತೆ ತುಂಬಾ ಕೆಂಪು ಕೆಸರು.

ಕ್ಲಚ್ ಲಿವರ್ ಮುರೀತು, ಪಾದ ಉಳುಕಿತು, ಅಷ್ಟೇ. ಹಿಂದಿನಿಂದ ಬಂದ ಜೀಪಿನವರು ಎತ್ತಿ ಕೂರಿಸಿದರು. ಎದುರಿಂದ ಬಸ್ಸೊಂದು ಬಂದಿದ್ದರೆ ಈ ಬರಹ ಇರ್ತಿರಲಿಲ್ಲ. ಅಮ್ಮಂಗೆ ‘ಕೆಸರಲ್ಲಿ ಜಾರಿತು’ ಅಂದೆ. ಸುಳ್ಳೇನಲ್ಲ, ಅರ್ಧ ನಿಜ.

ಆಮೇಲೆ ಬೈಕಿಗೆ ಜಿಪಿಎಸ್ ಹುಡುಕೋಕೆ ಕೂತೆ. ನಮ್ಮ ಜಾತಿಯವರ ರೋಗ ಗೊತ್ತಲ್ಲ, ಮೊದಲು ಸ್ಪ್ರೆಡ್‌ಶೀಟ್ ತೆಗೀತೀವಿ. ಪರದೆ ಎಷ್ಟಿಂಚು, ಬ್ಯಾಟರಿ ಎಷ್ಟು ಗಂಟೆ, ಎಷ್ಟು ಕರಾರುವಾಕ್ಕು ಅಂತ ಹದಿನಾರು ಕಾಲಂ ಮಾಡಿದೆ. ಒಂದು ವಾರ ಆದಮೇಲೆ ಬೇಕಾಗಿದ್ದ ಕಾಲಮ್ಮೇ ಅದರಲ್ಲಿಲ್ಲ ಅಂತ ಹೊಳೀತು: ಇದು ನನ್ನನ್ನ ಎಷ್ಟು ಸಲ ಕೆಳಗೆ ನೋಡೋ ಹಾಗೆ ಮಾಡುತ್ತೆ?

ಕರಾರುವಾಕ್ಕಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳೋದೇ ದಂಡ. ಸುಮಾರು 20,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳಲ್ಲಿ ನಾಲ್ಕರ ಸಿಗ್ನಲ್ ಸಿಕ್ಕಿದರೆ ಇವತ್ತಿನ ಯಾವ ಫೋನಾದರೂ ನಾವು ಎಲ್ಲಿದ್ದೀವಿ ಅಂತ ಹೇಳುತ್ತೆ. ಅದಕ್ಕೆ ಟವರೂ ಬೇಡ, ಡೇಟಾನೂ ಬೇಡ. ಡೇಟಾ ಬೇಕಾಗೋದು ಮ್ಯಾಪ್ ಚಿತ್ರ ಇಳಿಸೋಕೆ. ‘ಕಾಡಲ್ಲಿ ಜಿಪಿಎಸ್ ಹೋಯ್ತು’ ಅಂತ ಆಫೀಸಲ್ಲಿ ಗೋಳಾಡೋರಲ್ಲಿ ಬಹುತೇಕರಿಗೆ ಹೋಗಿರೋದು ನೆಟ್‌ವರ್ಕು. ಮನೇಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಆ ಸಮಸ್ಯೆ ಅಲ್ಲಿಗೆ ಮುಗೀತು, ಪೈಸೆ ಖರ್ಚಿಲ್ಲ.

ಹಾಗಾದರೆ ಫೋನೇ ಸಾಕಲ್ಲ? ಊರೊಳಗೆ ಖಂಡಿತ ಸಾಕು. ಆದರೆ ಏಪ್ರಿಲ್ ಬಿಸಿಲಲ್ಲಿ ಅರಸೀಕೆರೆ, ಕಡೂರು ಬಯಲಲ್ಲಿ ಹೋಗಿ ನೋಡಿ. ಪರದೆ ಕಾದು, ಮಂಕಾಗಿ, ಒಂದು ಹಂತದಲ್ಲಿ ಕೆಲಸಾನೇ ನಿಲ್ಲಿಸುತ್ತೆ. ನಡುಕದ ಕಥೆ ಬೇರೆ. ದೊಡ್ಡ ಇಂಜಿನ್ನಿನ ಬೈಕಿನ ನಡುಕ ಫೋನ್ ಕ್ಯಾಮೆರಾದ ಒಳಗಿನ ಸೂಕ್ಷ್ಮ ಭಾಗಗಳನ್ನ ಹಾಳು ಮಾಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಮಳೆ ಬಗ್ಗೆ ಆಗಲೇ ಹೇಳಿದೆ. ಇನ್ನೊಂದು, ಬಿದ್ದಾಗ ಫೋನು ಒಡೆದಿದ್ದರೆ ದಾರಿ ತೋರಿಸೋದೂ ಅದೇ, ಆಂಬುಲೆನ್ಸಿಗೆ ಕರೆ ಮಾಡೋದೂ ಅದೇ. ಎರಡೂ ಒಟ್ಟಿಗೆ ಹೋಗಿರ್ತಿತ್ತು. ನನ್ನನ್ನ ನಿಜವಾಗಿ ಹೆದರಿಸಿದ್ದು ಇದು.

ಬೈಕಿಗಂತಲೇ ಮಾಡಿದ ಗಾರ್ಮಿನ್ ಜೂಮೋ ಎಕ್ಸ್‌ಟಿ ನೋಡಿದೆ. 5.5 ಇಂಚು ಪರದೆ, ಗ್ಲೌಸ್ ಬೆರಳಿಗೂ ಸ್ಪಂದಿಸುತ್ತೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತೆ. ಬೈಕಿನ ಬ್ಯಾಟರಿಯಿಂದಲೇ ವೈರು ಎಳೀಬಹುದು. ಬೆಲೆ ಕೇಳಿದರೆ ಮಾತ್ರ ನನ್ನ ಹಳೇ ಬೈಕಿಗೇ ಅವಮಾನ. ಕೊನೆಗೆ, ಮಗು ಆದಮೇಲೆ ಬೈಕು ಮಾರಿದ್ದ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ತು. ವೈರನ್ನ ನೇರ ಬ್ಯಾಟರಿಗೆ ಕೊಡದೆ ಕೀ ಆಫ್ ಮಾಡಿದ್ರೆ ಕರೆಂಟ್ ನಿಲ್ಲೋ ಹಾಗೆ ಹಾಕಿಸಿ. ನಾನು ಹಾಕಿಸಿರಲಿಲ್ಲ, ಒಂದು ಸೋಮವಾರ ಬೆಳಗ್ಗೆ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಅಣ್ಣನ ಹತ್ತಿರ ತಳ್ಳಿಸಿಕೊಂಡೆ.

ಇಷ್ಟಾಗಿಯೂ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಪರದೆ ಅಲ್ಲ, ಹೆಲ್ಮೆಟ್ ಒಳಗೆ ಕೂರಿಸಿದ ಬ್ಲೂಟೂತ್ ಸ್ಪೀಕರು. ‘300 ಮೀಟರ್ ನಂತರ ಎಡಕ್ಕೆ’ ಅಂತ ಕಿವಿಗೆ ಬಿದ್ದರೆ ಕಣ್ಣು ರಸ್ತೆ ಮೇಲೇ ಇರುತ್ತೆ. ಯಾರಾದರೂ ಸಲಹೆ ಕೇಳಿದರೆ ಮೊದಲು ಅದನ್ನ ತಗೊಳ್ಳಿ ಅಂತೀನಿ. ದುಡ್ಡು ಮಿಕ್ಕಿದರೆ, ಮಳೆಗಾಲದಲ್ಲೂ ಘಟ್ಟ ಹತ್ತೋ ಹುಚ್ಚಿದ್ದರೆ, ಆಮೇಲೆ ಡಬ್ಬಿ.

ಹೊಸ ಡಬ್ಬಿ ಹಾಕಿಕೊಂಡು ಮೊದಲ ಸಲ ಊರಿಗೆ ಹೋದೆ. ಡಾಂಬರು ರಸ್ತೆ ಮುಗಿಯೋ ಕಡೆ, ಮನೆಗೆ ಇನ್ನೂ ಒಂದೂವರೆ ಕಿಲೋಮೀಟರ್ ಇದ್ದಾಗಲೇ ಅದು ‘ತಲುಪಿದ್ದೀರಿ’ ಅಂತು. ಅದರಲ್ಲಿರೋದು ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆ, ಯಾರು ಬೇಕಾದರೂ ತಿದ್ದಬಹುದಾದ್ದು. ಮಾರನೇ ದಿನ ನಮ್ಮ ದಾರಿ ಸೇರಿಸೋಣ ಅಂತ ಟ್ರ್ಯಾಕ್ ರೆಕಾರ್ಡ್ ಹಾಕಿ ಹೊರಟೆ. ಅಪ್ಪಯ್ಯ ಹಿಂದೆ ಕೂತರು.

“ಎಂತಕ್ಕೆ ಮಾರಾಯ ಇದು?”

ಹೋದ ವರ್ಷ ಪಕ್ಕದ ಮನೆ ಅಜ್ಜಿಗೆ ಹುಷಾರು ತಪ್ಪಿದಾಗ ಆಂಬುಲೆನ್ಸು ದಾರಿ ಸಿಗದೆ ಡಾಂಬರು ರಸ್ತೇಲೇ ನಿಂತಿತ್ತು, ಯಾರೋ ಓಡಿ ಹೋಗಿ ಕರೆತಂದರು. ಅದನ್ನ ನೆನಪಿಸಿದೆ. ಅಪ್ಪಯ್ಯ ಸುಮ್ಮನಾದರು. ಆಮೇಲೆ ಶುರುವಾಯ್ತು ನೋಡಿ. ಇಲ್ಲಿ ನಿಲ್ಲಿಸು, ಇಲ್ಲಿಂದ ಎಡಕ್ಕೆ ಹೋದ್ರೆ ಶೆಟ್ಟರ ಮನೆ. ಆ ಹಲಸಿನ ಮರದ ಹತ್ತಿರ ಜೀಪು ತಿರುಗಲ್ಲ, ಹಾಗೆ ಬರಿ. ಸಂಕದ ಹತ್ತಿರ ಬಂದಾಗ ನನ್ನ ಭುಜ ಹಿಡಿದು ಬಗ್ಗಿ ಪರದೆ ನೋಡಿದರು.

“ಇದು ಆಷಾಢದಲ್ಲಿ ನೀರಡಿ ಹೋಗ್ತದೆ. ಅದನ್ನ ಅದ್ರಲ್ಲಿ ಬರೀಲಿಕ್ಕೆ ಆಗ್ತದಾ?”

ಆಗುತ್ತೆ ಅಪ್ಪಯ್ಯ, ಅಂದೆ. ಇಳಿದು ಸಂಕದ ಅಗಲ ಹೆಜ್ಜೆ ಹಾಕಿ ಅಳೆಯೋಕೆ ಹೊರಟರು.